ಹೆಸರುಗಳು ಮುಗಿಯುವವರೆಗೆ

ಮೂವತ್ತೊಂದು ವರ್ಷ ನಾನು ಈ ಚಿತ್ರಮಂದಿರದಲ್ಲಿ ಸಿನಿಮಾ ಓಡಿಸಿದೆ. ಅಷ್ಟೂ ವರ್ಷಗಳಲ್ಲಿ ಪರದೆಯ ಮೇಲೆ ಕೊನೆಗೆ ಬರುವ ಹೆಸರುಗಳಲ್ಲಿ ಒಂದನ್ನೂ ಪೂರ್ತಿ ಓದಿದವಳಲ್ಲ. ಓದುವುದಕ್ಕೆ ಯಾರನ್ನೂ ಬಿಟ್ಟವಳೂ ಅಲ್ಲ. ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವೆ ಇದ್ದದ್ದು ಹನ್ನೊಂದೇ ನಿಮಿಷ. ಅಷ್ಟರಲ್ಲಿ ಆರುನೂರು ಜನ ಹೊರಗೆ ಹೋಗಬೇಕು, ಕಸ ಗುಡಿಸಬೇಕು, ಇನ್ನು ಆರುನೂರು ಜನ ಒಳಗೆ ಬರಬೇಕು. ಹಾಗಾಗಿ ಮಾಲೀಕರ ಕಟ್ಟಪ್ಪಣೆ, ಮೊದಲ ಹೆಸರು ಕಂಡ ಕೂಡಲೇ ದೀಪ. ಗೋಡೆಯಲ್ಲಿದ್ದ ಕಬ್ಬಿಣದ ಹಿಡಿಯನ್ನು ನಾನು ಮೇಲಕ್ಕೆತ್ತಿದರೆ ಅರವತ್ತು ದೀಪಗಳು ಒಟ್ಟಿಗೆ ಹೊತ್ತಿಕೊಂಡು, ನಾಯಕಿ ಸತ್ತಳೆಂದು ಅಳುತ್ತಿದ್ದವರು ಕರವಸ್ತ್ರ ಸಿಗದೆ ತೋಳಿಗೇ ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಜನ ಇಟ್ಟ ಹೆಸರು ದೀಪದ ಭೂತ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಅದನ್ನೇ ಬಿರುದು ಅಂದುಕೊಂಡೆ.

ಚಿತ್ರಮಂದಿರ ಮುಚ್ಚಿ ಆರು ವರ್ಷವಾಯಿತು. ಈಗ ಅದು ಬಾಡಿಗೆ ಸಭಾಂಗಣ. ಕುರ್ಚಿಗಳಲ್ಲಿ ಅರ್ಧ ಮಾರಿಹೋಗಿವೆ, ಉಳಿದರ್ಧ ಕೂತರೆ ಕಿರುಗುಡುತ್ತವೆ. ಅಲ್ಲಿ ಒಂದು ಶನಿವಾರದ ಮಟ್ಟಿಗೆ ಚಿತ್ರೋತ್ಸವ ಮಾಡುತ್ತೇವೆ ಎಂದು ನಮ್ಮ ಮರಿ ಮತ್ತು ಅವಳ ಸ್ನೇಹಿತರು ಹೊರಟರು. ಉತ್ಸವದ ಹೆಸರು 'ನಮ್ಮ ಪರದೆ'. ಇಪ್ಪತ್ತೈದು ದಾಟದ ಕ್ವಿಯರ್ ಮತ್ತು ಟ್ರಾನ್ಸ್ ಮಕ್ಕಳು ತಾವೇ ಬರೆದು, ತಾವೇ ತೆಗೆದು, ದುಡ್ಡಿಲ್ಲದ್ದರಿಂದ ತಾವೇ ನಟಿಸಿದ ಒಂಬತ್ತು ಕಿರುಚಿತ್ರಗಳು. ಸಿನಿಮಾ ಓಡಿಸಲು ನಾನೇ ಬೇಕಂತೆ. ಓಡಿಸುವುದೇನು ಮಣ್ಣು! ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತುವುದು. ಆದರೂ ಕರೆದರಲ್ಲ ಎಂದು ಒಳಗೊಳಗೇ ಉಬ್ಬಿ, ಹೊರಗೆ ಮಾತ್ರ 'ಬಿಡುವಾದ್ರೆ ನೋಡ್ತೀನಿ' ಅಂದೆ. ನನಗೆ ಆರು ವರ್ಷದಿಂದ ಬಿಡುವೇ ಬಿಡುವು.

ಮರಿ ನನ್ನ ತಮ್ಮನ ಮಗಳು. ಹದಿನೇಳು ವರ್ಷ ನಾವೆಲ್ಲ ಅವಳನ್ನು ಮಗ ಅಂದುಕೊಂಡಿದ್ದೆವು. ಹದಿನೆಂಟಕ್ಕೆ ಅವಳೇ ಎಲ್ಲರನ್ನೂ ಕೂರಿಸಿಕೊಂಡು ತಿದ್ದಿದಳು. ಅವಳ ತಾಯಿ, ನನ್ನ ನಾದಿನಿ, ಒಂದು ವಾರ ಅತ್ತಳು. ಎರಡನೇ ವಾರ, ತನ್ನ ಹೇರ್‌ಪಿನ್ನುಗಳೆಲ್ಲ ಎಲ್ಲಿ ಮಾಯವಾಗುತ್ತಿವೆ ಎಂದು ಮರಿಯ ಜೊತೆ ಜಗಳ ಶುರು ಮಾಡಿದಳು. ಅಲ್ಲಿಗೆ ತಾಯಿ ಮಗಳ ಸಂಬಂಧ ಗಟ್ಟಿಯಾಯಿತು.

ಗಟ್ಟಿಯಾಗದೆ ಉಳಿದದ್ದು ತಮ್ಮನದು. ಅವನದು ಸಲೂನು. ಮೂರು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಮರಿ ನೆಟ್ಟಗೆ ಕೂರಲು ಕಲಿತಾಗಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು, ಅದರ ಮೇಲೆ ಅವಳನ್ನು ಕೂರಿಸಿ ತಾನೇ ಕೂದಲು ಕತ್ತರಿಸುತ್ತಿದ್ದ. ಕೆಲಸಗಾರರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಹಲಗೆ ಹೋಗಿ ಬರೀ ಕುರ್ಚಿಯಾಯಿತು, ಸೋಮವಾರ ಮಾತ್ರ ತಪ್ಪಲಿಲ್ಲ. ಹದಿನೆಂಟಕ್ಕೆ ಅವಳು 'ಇನ್ಮೇಲೆ ಬೇಡ ಅಪ್ಪ, ಬೆಳೆಸ್ತೀನಿ' ಅಂದಳು. ಮಗ ಮಗಳಾದದ್ದು ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಕುರ್ಚಿ ಖಾಲಿಯಾದದ್ದು ಚೆನ್ನಾಗಿ ಅರ್ಥವಾಯಿತು.

'ಸಲೂನಿನವನ ಮನೇಲೇ ಕೂದಲು ಹೀಗೆ ಬಿಟ್ರೆ ಗಿರಾಕಿಗಳು ಏನನ್ಕೋತಾರೆ?' ಎಂದು ಒಂದೇ ಒಂದು ಸಲ ಗೊಣಗಿದ. ಆಮೇಲೆ ಬೈಯಲಿಲ್ಲ, ಕೂಗಾಡಲಿಲ್ಲ, ಮನೆ ಬಿಟ್ಟು ಹೋಗು ಅನ್ನಲೂ ಇಲ್ಲ. ಅವಳ ಮುಖ ನೋಡುವುದನ್ನು ನಿಲ್ಲಿಸಿದ, ಅಷ್ಟೇ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ. ಮಾತಾಡಲೇಬೇಕಾಗಿ ಬಂದರೆ ಗೋಡೆ ಗಡಿಯಾರದ ಜೊತೆ ಮಾತಾಡುತ್ತಿದ್ದ. 'ಮರಿ ಊಟ ಆಯ್ತಾ?' ಎಂದು ಗಡಿಯಾರವನ್ನು ಕೇಳುತ್ತಿದ್ದ. 'ಆಯ್ತು ಅಪ್ಪ' ಎಂದು ಮರಿ ಹೇಳಿದರೆ ಗಡಿಯಾರಕ್ಕೆ ತಲೆಯಾಡಿಸುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ನಮ್ಮ ವಂಶದಲ್ಲಿ ಬೇರೆ ಏನಕ್ಕೆ ಕೊರತೆಯಿದ್ದರೂ ಮೊಂಡುತನಕ್ಕೆ ಇಲ್ಲ.

ಅಂಥವನ ಮುಂದೆ ಹೋಗಿ ಮರಿ, ನಿಮ್ಮ ಸಲೂನಿನ ಮೇಲೆ ಸಿನಿಮಾ ಮಾಡುತ್ತೇನೆ ಅಂದಳಂತೆ. ಅವನು ಗಡಿಯಾರವನ್ನು ತುಂಬಾ ಹೊತ್ತು ನೋಡಿ, 'ಕೈ ಮಾತ್ರ. ಮುಖ ಬೇಡ' ಅಂದನಂತೆ. ಮೂರು ವಾರ ಅವಳು ಸಲೂನಿನ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಳು. ಹನ್ನೊಂದು ನಿಮಿಷದ ಸಿನಿಮಾ ಆಯಿತು. ಹೆಸರು 'ಕೈಗಳು'.

ಶನಿವಾರ ಬೆಳಿಗ್ಗೆ ನಾನು ಪ್ರೊಜೆಕ್ಟರ್ ಕೋಣೆಯಲ್ಲಿ ವೈರು ಸಿಕ್ಕಿಸುತ್ತಿದ್ದಾಗ ಮರಿ ಮೇಲೆ ಬಂದಳು. ಹೆಗಲು ದಾಟಿ ಇಳಿದ ಜಡೆ, ಕೈಯಲ್ಲಿ ಕೆಂಪು ಟೇಪು.

'ಅತ್ತೆ, ನನ್ನ ಸಿನಿಮಾದಲ್ಲಿ ಹೆಸರುಗಳೆಲ್ಲ ಹೋದ್ಮೇಲೆ ಇನ್ನೊಂದು ಶಾಟ್ ಇದೆ. ನಲವತ್ತು ಸೆಕೆಂಡು. ಅದನ್ನ ಅಪ್ಪ ನೋಡ್ಬೇಕು. ಅದಕ್ಕೋಸ್ಕರಾನೇ ಇಡೀ ಸಿನಿಮಾ ಮಾಡಿದ್ದು.'

'ಏನಿದೆ ಅದ್ರಲ್ಲಿ?'

'ಅಪ್ಪನ ಮುಖ.'

'ಮುಖ ಬೇಡ ಅಂದಿದ್ನಲ್ಲೇ!'

'ನಾನು ತೆಗ್ದಿದ್ದು ಕೈನೇ. ಹಿಂದೆ ಕನ್ನಡಿ ಇತ್ತು. ಕ್ಯಾಮೆರಾ ಕತ್ತರಿ ಕಡೆ ಇದೆ ಅನ್ಕೊಂಡು ಅವ್ರು ಕನ್ನಡೀಲಿ ನನ್ನನ್ನ ನೋಡ್ತಾ ನಿಂತಿದ್ರು. ನಲವತ್ತು ಸೆಕೆಂಡು, ಅತ್ತೆ. ನನ್ನನ್ನೇ.'

ಕೂದಲು ಕತ್ತರಿಸುವವರು ಗಿರಾಕಿಯ ಮುಖ ನೋಡುವುದು ಕನ್ನಡಿಯಲ್ಲೇ. ಹಿಂದೆ ನಿಂತು, ಎದುರಿನ ಗಾಜಿನಲ್ಲಿ ನೋಡಿ, ಎಡಕ್ಕಷ್ಟು ಬಲಕ್ಕಷ್ಟು ಸರಿಮಾಡುತ್ತಾರೆ. ನಲವತ್ತು ವರ್ಷ ಅದನ್ನೇ ಮಾಡಿದ ನನ್ನ ತಮ್ಮನಿಗೆ ಮನೆಯಲ್ಲಿ ಎತ್ತಲಾಗದ ಕಣ್ಣು ಸಲೂನಿನಲ್ಲಿ ತಾನಾಗಿ ಎದ್ದಿತ್ತು.

'ಹಾಗಿದ್ರೆ ಅದನ್ನ ಮೊದಲೇ ಹಾಕ್ಬಾರ್ದಿತ್ತಾ? ಹೆಸರುಗಳ ಬಾಲಕ್ಕೆ ಯಾಕೆ ಕಟ್ಟಿದೆ?'

'ಸಿನಿಮಾದಲ್ಲಿ ಮುಖ ಬರಲ್ಲ ಅಂತ ಮಾತು ಕೊಟ್ಟಿದ್ದೀನಿ. ಹೆಸರೆಲ್ಲ ಹೋದ್ಮೇಲೆ ಬಂದ್ರೆ ಅದು ಸಿನಿಮಾದಲ್ಲಿ ಬಂದ ಹಾಗಲ್ವಲ್ಲ.'

'ನೀನು ವಕೀಲಿಕೆ ಓದ್ಬೇಕಿತ್ತು. ಅವನು ಎಲ್ರ ಮುಂದೆ ಬೈದ್ರೆ?'

'ಬೈಲಿ. ನನ್ನ ಕಡೆ ನೋಡ್ಕೊಂಡೇ ಬೈಬೇಕಲ್ಲ' ಅಂದಳು. ನಗುತ್ತಲೇ ಅಂದಳು, ಆದರೆ ಕೈಯಲ್ಲಿದ್ದ ಟೇಪನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು.

ಆಮೇಲೆ ಅವಳು ಮಾಡಿದ ಕೆಲಸ ನೋಡಿ. ಕಬ್ಬಿಣದ ಹಿಡಿಯ ಮೇಲೆ ಹೊಸದಾಗಿ ಟೇಪು ಕಿತ್ತು ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆದಳು: ಪರದೆ ಪೂರ್ತಿ ಕಪ್ಪಾಗುವವರೆಗೆ ಮುಟ್ಟಬೇಡಿ. ನನ್ನ ಪಿತ್ತ ನೆತ್ತಿಗೇರಿತು. ಅವಳು ಹುಟ್ಟುವ ಮುಂಚಿನಿಂದ ಈ ಹಿಡಿಯನ್ನು ಹಿಡಿದವಳು ನಾನು! ಮೆಟ್ಟಿಲಿನಲ್ಲಿ ಅವಳ ಹೆಜ್ಜೆಯ ಸದ್ದು ನಿಂತ ಕೂಡಲೇ ಟೇಪನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಇದನ್ನು ಮುಂದೆ ನೀವು ನೆನಪಿಟ್ಟುಕೊಳ್ಳುತ್ತೀರಿ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಎರಡು ಗಂಟೆಗೆ ಬಾಗಿಲು ತೆರೆದೆವು. ಬಾಗಿಲಲ್ಲಿ ನಿಂತವಳು ನಮ್ಮ ಚಿತ್ರಮಂದಿರದ ಹಳೇ ಟಿಕೆಟ್ ಕೌಂಟರಿನವಳು. ಪ್ರವೇಶ ಉಚಿತ, ಆದರೂ ಅವಳು ಮನೆಯಿಂದ ಹಳೇ ಟಿಕೆಟಿನ ಕಟ್ಟು ತಂದು ಎಲ್ಲರಿಗೂ ಹರಿದು ಹರಿದು ಕೊಡುತ್ತಿದ್ದಳು. ಅವಳೂ ನಾನೂ ಇಪ್ಪತ್ತಾರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಮನೆಯಲ್ಲಿ ಒಂದೇ ಮಂಚ ಇರುವುದನ್ನು ನೋಡಿಯೂ ನೆಂಟರು 'ಪಾಪ, ಒಬ್ಬರಿಗೊಬ್ಬರು ಜೊತೆ' ಎಂದು ಮಾತು ಮುಗಿಸುತ್ತಿದ್ದರು. ಮರಿಯೊಬ್ಬಳೇ, ಹನ್ನೆರಡು ವರ್ಷದವಳಿದ್ದಾಗ, 'ಅತ್ತೆ, ನಿಮ್ಮಿಬ್ರಿಗೂ ಜಗಳ ಆದಾಗ ಸೋಫಾದ ಮೇಲೆ ಯಾರು ಮಲಗೋದು?' ಎಂದು ಕೇಳಿದ್ದಳು. ನಾನೇ ಎಂದು ಹೇಳಿದ್ದೆ. ಅವಳಿಗೆ ಅದು ಎಷ್ಟು ಧೈರ್ಯ ಕೊಟ್ಟಿತು ಎಂದು ಗೊತ್ತಾದದ್ದು ಆರು ವರ್ಷ ಬಿಟ್ಟು.

ಉತ್ಸವದ ಯಜಮಾನಿಕೆ ಮರಿಯ ಸ್ನೇಹಿತರೊಬ್ಬರದು, ನಾನಿಟ್ಟ ಹೆಸರು ವಾಕಿಟಾಕಿಯವರು. ಇಪ್ಪತ್ತೆರಡು ವರ್ಷ, ಹುಡುಗನೂ ಅಲ್ಲ ಹುಡುಗಿಯೂ ಅಲ್ಲ, ಕುತ್ತಿಗೆಗೆ ಮೂರು ಬಿಲ್ಲೆ, ಕಿವಿಯ ಹಿಂದೆ ಎರಡು ಪೆನ್ನು. ಎರಡು ಹೆಜ್ಜೆ ದೂರದವರ ಜೊತೆಯೂ ವಾಕಿಟಾಕಿಯಲ್ಲೇ ಮಾತು. ನನಗೂ ಒಂದು ಕೊಟ್ಟಿದ್ದರು. 'ಮೇಲೆ ಎಲ್ಲ ಸರಿಯಿದ್ಯಾ, ಓವರ್.' 'ಸೆಖೆ' ಅಂದೆ. 'ಮಾತು ಮುಗಿದ್ಮೇಲೆ ಓವರ್ ಅನ್ಬೇಕು, ಓವರ್' ಎಂದು ತಿದ್ದಿದರು.

ಸಿನಿಮಾಗಳ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂಬತ್ತರಲ್ಲಿ ಏಳರಲ್ಲಿ ಯಾರೋ ಒಬ್ಬರು ಕಿಟಕಿಯ ಆಚೆ ನೋಡುತ್ತ ನಿಂತಿರುತ್ತಾರೆ. ಆಚೆ ಏನಿದೆ ಎಂದು ಯಾರೂ ತೋರಿಸುವುದಿಲ್ಲ. ಒಂದರಲ್ಲಿ ಇಬ್ಬರು ಹುಡುಗಿಯರು ಒಂದೇ ಕೊಡೆಯ ಕೆಳಗೆ ಒಂಬತ್ತು ನಿಮಿಷ ನಡೆಯುತ್ತಾರೆ, ಕೈ ಹಿಡಿಯಲು ಎಂಟೂವರೆ ನಿಮಿಷ ಬೇಕಾಗುತ್ತದೆ. ನನಗೂ ಕೌಂಟರಿನವಳಿಗೂ ನಾಲ್ಕು ವರ್ಷ ಬೇಕಾಗಿತ್ತು, ಹಾಗಾಗಿ ತಮಾಷೆ ಮಾಡುವ ಹಕ್ಕು ನನಗಿಲ್ಲ. ಇನ್ನೊಂದರಲ್ಲಿ ಟ್ರಾನ್ಸ್ ಹುಡುಗನೊಬ್ಬ ತನ್ನ ಪುಟ್ಟ ಕಾಲಿಗೆ ಹೊಂದುವ ಗಂಡಸರ ಬೂಟು ಹುಡುಕಿ ಅಂಗಡಿ ಅಂಗಡಿ ಅಲೆದು, ಕೊನೆಗೆ ಮಕ್ಕಳ ವಿಭಾಗದಲ್ಲಿ ಸಿಕ್ಕ, ಹೆಜ್ಜೆಗೊಮ್ಮೆ ದೀಪ ಮಿನುಗುವ ಬೂಟು ಹಾಕಿಕೊಂಡು ಕೆಲಸದ ಸಂದರ್ಶನಕ್ಕೆ ಹೋಗುತ್ತಾನೆ. ನಾನು ನಕ್ಕ ನಗೆಗೆ ಕೆಳಗಿದ್ದವರು ತಿರುಗಿ ನೋಡಿದರು.

ಆದರೆ ನನಗೆ ಆಶ್ಚರ್ಯವಾದದ್ದು ಹೆಸರುಗಳ ವಿಷಯ. ಸಿನಿಮಾ ಮುಗಿದು ಹೆಸರುಗಳು ಬಂದರೆ ಈ ಮಕ್ಕಳು ಏಳುವುದೇ ಇಲ್ಲ! ಒಂದೊಂದು ಹೆಸರಿಗೂ ಚಪ್ಪಾಳೆ, ಸಿಳ್ಳೆ. ಯಾಕಪ್ಪಾ ಎಂದು ವಾಕಿಟಾಕಿಯಲ್ಲಿ ಕೇಳಿದೆ. 'ಇವ್ರಲ್ಲಿ ತುಂಬಾ ಜನ ತಾವೇ ಆರಿಸ್ಕೊಂಡ ಹೆಸರನ್ನ ಇಷ್ಟು ದೊಡ್ಡದಾಗಿ ನೋಡ್ತಿರೋದು ಇದೇ ಮೊದಲು, ಓವರ್.' ಮೂವತ್ತೊಂದು ವರ್ಷದಲ್ಲಿ ದೀಪ ಹಾಕಿ ಅಳಿಸಿಬಿಟ್ಟ ಹೆಸರುಗಳನ್ನೆಲ್ಲ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಮೊದಲ ಐದು ಸಿನಿಮಾಗಳಿಗೂ ಪರದೆ ಕಾಡಿಗೆಯಷ್ಟು ಕಪ್ಪಾಗುವವರೆಗೆ ಹಿಡಿಯ ಹತ್ತಿರ ಸುಳಿಯಲಿಲ್ಲ. ನೋಡಿದ್ಯಾ, ಟೇಪು ಬೇಕಿತ್ತಾ ಎಂದು ಮನಸ್ಸಿನಲ್ಲೇ ಮರಿಗೆ ಹೇಳಿಕೊಂಡೆ.

ಆರನೆಯದು 'ಕೈಗಳು'. ತಮ್ಮ ಬಂದಿದ್ದ. ನಾದಿನಿ ಎಳೆದುಕೊಂಡು ಬಂದಿದ್ದಳು ಎನ್ನುವುದೇ ಸರಿ. ಕಟ್ಟಕಡೆಯ ಸಾಲು, ಓಣಿಯ ಪಕ್ಕದ ಕುರ್ಚಿ, ನನ್ನ ಕೋಣೆಯ ಚೌಕದ ಕಿಂಡಿಗೆ ನೇರ ಕೆಳಗೆ. ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಬಿಟ್ಟಿದ್ದ. ಸಣ್ಣವನಿದ್ದಾಗಿನಿಂದ ನೋಡಿದವಳು ನಾನು, ಅವನ ಲೆಕ್ಕಾಚಾರ ನನಗೆ ಗೊತ್ತಿಲ್ಲವೇ? ಹೆಸರು ಶುರುವಾದೊಡನೆ ಕತ್ತಲಲ್ಲಿ ಮೆಲ್ಲಗೆ ಕಾಲು ಕೀಳುವುದು.

ಗುಂಡಿ ಒತ್ತಿದೆ.

ಪರದೆಯ ತುಂಬ ನನ್ನ ತಮ್ಮನ ಕೈಗಳು. ಬಾಚಣಿಗೆಯನ್ನು ಬೆರಳ ಸಂದಿಯಲ್ಲಿ ತಿರುಗಿಸುವ ಕೈ, ಮುದುಕರೊಬ್ಬರ ಕಿವಿಯನ್ನು ಎರಡೇ ಬೆರಳಿನಿಂದ ಮಡಚಿ ಹಿಡಿಯುವ ಕೈ. ಚಿಕ್ಕಂದಿನಲ್ಲಿ ನನ್ನ ಹಳೇ ಸೈಕಲ್ಲಿನ ಚೈನಿಗೆ ಸಿಕ್ಕಿ ಸೊಟ್ಟಗಾದ ಎಡಗೈ ಹೆಬ್ಬೆರಳು. ಆ ದಿನ ಅಮ್ಮನಿಂದ ಹೊಡೆತ ತಿಂದದ್ದು ನಾನು. ಹಿನ್ನೆಲೆಯಲ್ಲಿ ಮರಿಯ ದನಿ ಕೇಳಿಸಿತು: 'ನನ್ನ ತಲೆಯ ಆಕಾರ ಈ ಕೈಗಳಿಗೆ ಬಾಯಿಪಾಠ. ಹದಿನೇಳು ವರ್ಷ ಇವು ನನ್ನನ್ನು ಯಾವತ್ತೂ ನೋಯಿಸಲಿಲ್ಲ. ಒಂದು ಸಲವೂ ಗಾಯ ಮಾಡಲಿಲ್ಲ.' ಆಮೇಲೆ ಖಾಲಿ ಕುರ್ಚಿ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಆ ಕೈಗಳು ಆ ಕುರ್ಚಿಯ ಬಟ್ಟೆಯನ್ನು ಕೊಡವಿದವು, ಮಡಚಿದವು, ಮತ್ತೆ ಬಿಡಿಸಿ ಕೊಡವಿದವು.

ನಾನು ಅತ್ತುಬಿಟ್ಟೆ. ನಾಚಿಕೆ ಏನು, ಗಳಗಳನೆ ಅತ್ತೆ. ಮನಸ್ಸು ಎಲ್ಲೋ ಸೈಕಲ್ಲಿನ ಹಿಂದೆ ಓಡುತ್ತಿತ್ತು. ಕಣ್ಣು ಮಂಜಾಗಿ, ಪರದೆಯ ಮೇಲೆ ಬೆಳ್ಳಗೆ ಒಂದು ಹೆಸರು ಏರುವುದಷ್ಟೇ ಕಂಡಿತು. ಮನಸ್ಸು ಊರಲ್ಲಿಲ್ಲದಾಗ ಕೈ ತನ್ನ ಹಳೇ ಕೆಲಸ ಮಾಡಿಬಿಡುತ್ತದೆ.

ಅರವತ್ತು ಇದ್ದ ಕಡೆ ಈಗ ಉಳಿದಿರುವುದು ಇಪ್ಪತ್ತೆರಡೇ ದೀಪ. ಸಾಕಾಯಿತು. ಪರದೆ ಸುಣ್ಣದ ಗೋಡೆಯಾಯಿತು.

'ದೀಪ! ದೀಪ! ಓವರ್! ಓವರ್!' ಎಂದು ವಾಕಿಟಾಕಿ ಕಿರುಚಿತು. ಮೊದಲ ಸಾಲಿನಲ್ಲಿ ಮರಿ ತಿರುಗಿ ನನ್ನ ಕಿಂಡಿಯ ಕಡೆ ನೋಡಿದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಎಲ್ಲ ಮುಗಿದುಹೋಯಿತು ಎನ್ನುವ ಸುಸ್ತಿತ್ತು. ಹಿಡಿ ಇಳಿಸುವುದು ಬಿಟ್ಟು ನಾನೂ ಅವಳನ್ನೇ ನೋಡುತ್ತ ನಿಂತೆ.

ಕೆಳಗೆ ತಮ್ಮ ಆಗಲೇ ಎದ್ದಿದ್ದ, ಒಂದು ಕಾಲು ಚಪ್ಪಲಿಯಲ್ಲಿ. ಕತ್ತಲಲ್ಲಿ ಜಾರಿಕೊಳ್ಳಬೇಕಾದವನು ಬೆಳಕಿನಲ್ಲಿ ಸಿಕ್ಕಿಬಿದ್ದ ಕಳ್ಳನ ಹಾಗೆ ಕುರ್ಚಿಯ ಬೆನ್ನು ಹಿಡಿದು ನಿಂತ. ಮಿನುಗುವ ಬೂಟಿನ ಹುಡುಗ ಅವನ ಮುಂದಿನ ಸಾಲಿನಿಂದ ತಿರುಗಿದವನು ಆ ಸೊಟ್ಟ ಹೆಬ್ಬೆರಳು ನೋಡಿ, 'ಅಯ್ಯೋ, ಕೈಗಳು ಇಲ್ಲೇ ಇದೆ!' ಎಂದು ಕೂಗಿದ. ಒಬ್ಬರಾದ ಮೇಲೆ ಒಬ್ಬರು ಎದ್ದು, ನೂರ ಮೂವತ್ತು ಮಕ್ಕಳು ಹಿಂದಕ್ಕೆ ತಿರುಗಿ ನನ್ನ ತಮ್ಮನ ಕೈಗಳಿಗೆ ಚಪ್ಪಾಳೆ ಹೊಡೆಯತೊಡಗಿದರು. ಅವನು ಕೈಗಳನ್ನು ಜೇಬಿಗೆ ತುರುಕಿದ. ಚಪ್ಪಾಳೆ ಇನ್ನೂ ಜೋರಾಯಿತು.

ಎಲ್ಲರೂ ಅವನನ್ನು ನೋಡುತ್ತಿದ್ದುದರಿಂದ ಪರದೆಯನ್ನು ನೋಡುತ್ತಿದ್ದವನು ಅವನೊಬ್ಬನೇ. ಅಲ್ಲಿ, ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯಷ್ಟು ತೆಳ್ಳಗೆ, ಒಂದು ಕನ್ನಡಿ, ಕನ್ನಡಿಯಲ್ಲಿ ಒಂದು ಮುಖ. ಅವನು ತಲೆ ಮುಂದೆ ಚಾಚಿದ. ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ನನ್ನ ಕಿಂಡಿಯ ಕಡೆ ತಿರುಗಿ ಕತ್ತು ಮೇಲೆತ್ತಿ, ನಲವತ್ತು ವರ್ಷದಿಂದ ನನ್ನ ಮೇಲೆ ಎತ್ತದ ದನಿ ಎತ್ತಿದ:

'ಅಕ್ಕಾ! ಆ ದೀಪ ಆರ್ಸೇ! ನನ್ನ ಮಗಳ ಸಿನಿಮಾ ಇನ್ನೂ ಮುಗ್ದಿಲ್ಲ!'

ಚಪ್ಪಾಳೆ ಗಪ್ಪನೆ ನಿಂತಿತು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹಿಡಿ ಇಳಿಸಿದೆ. ಅಷ್ಟು ಹೊತ್ತಿಗೆ ನಲವತ್ತು ಸೆಕೆಂಡು ಮುಗಿದು ಪರದೆ ನಿಜವಾಗಿಯೂ ಕಪ್ಪಾಗಿತ್ತು. ಗಾಬರಿಯಲ್ಲಿ, ಸ್ವಲ್ಪ ಹಿಂದಕ್ಕೆ ಓಡಿಸೋಣವೆಂದು ಲ್ಯಾಪ್‌ಟಾಪಿನ ಯಾವುದೋ ಗುಂಡಿ ಒತ್ತಿದೆ. ಸಿನಿಮಾ ಮೊದಲಿನಿಂದ ಶುರುವಾಯಿತು.

ಯಾರೂ ಏಳಲಿಲ್ಲ. ಎದ್ದವರೂ ಕೂತರು. ಹನ್ನೊಂದು ನಿಮಿಷ ಮತ್ತೆ ಅದೇ ಬಾಚಣಿಗೆ, ಅದೇ ಕಿವಿ, ಅದೇ ಖಾಲಿ ಕುರ್ಚಿ. ಕೌಂಟರಿನವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಪ್ರೀತಿಯಿಂದ ಹಿಡಿದಳೋ, ಮತ್ತೆ ಎಡವಟ್ಟು ಮಾಡದಿರಲಿ ಎಂದು ಹಿಡಿದಳೋ, ಇವತ್ತಿಗೂ ಹೇಳಿಲ್ಲ. ಹೆಸರುಗಳು ಬಂದವು. ಮೊದಲು ಮರಿ ತಾನೇ ಆರಿಸಿಕೊಂಡ ಹೆಸರು, ಪರದೆಯ ಈ ತುದಿಯಿಂದ ಆ ತುದಿಯವರೆಗೆ. ಅದರ ಕೆಳಗೆ, ಕೈಗಳು: ಅಪ್ಪ. ಜೀವನದಲ್ಲಿ ಮೊದಲ ಸಲ ನಾನು ಕಡೆಯ ಹೆಸರಿನವರೆಗೆ ಓದಿದೆ. ಕಡೆಯದು 'ಪ್ರೊಜೆಕ್ಟರ್: ಅತ್ತೆ' ಎಂದಿತ್ತು.

ಆಮೇಲೆ ಕತ್ತಲಲ್ಲಿ, ಎರಡಾಳು ಎತ್ತರಕ್ಕೆ, ನನ್ನ ತಮ್ಮನ ಮುಖ. ಕತ್ತರಿ ಗಾಳಿಯಲ್ಲಿ ನಿಂತಿದೆ. ಅವನು ಕನ್ನಡಿಯಲ್ಲಿ ನೋಡುತ್ತಿದ್ದಾನೆ. ಬೇಜಾರಿಲ್ಲ, ಸಿಟ್ಟಿಲ್ಲ. ತಾನೇ ಮಾಡಿದ್ದು ಎಂದು ನಂಬಲಾಗದಷ್ಟು ಚೆನ್ನಾಗಿ ಬಂದ ಕೆಲಸವನ್ನು ಎಡದಿಂದ ಬಲದಿಂದ ನೋಡುವ ಹಾಗೆ ನೋಡುತ್ತಿದ್ದಾನೆ. ಕಡೆಗೆ ಒಂದು ಸಣ್ಣ ನಗು. ಆಮೇಲೆ ಕಪ್ಪು.

ಮೂರು ಉಸಿರು ಕಾದು, ಕೌಂಟರಿನವಳ ಅಪ್ಪಣೆ ಪಡೆದು ದೀಪ ಹಾಕಿದೆ.

ಪ್ರತಿ ಸಿನಿಮಾ ಆದ ಮೇಲೂ ಪ್ರಶ್ನೆ ಕೇಳುವ ಕಾರ್ಯಕ್ರಮವಿತ್ತು. ಮರಿ ಪರದೆಯ ಮುಂದೆ ಹೋಗಿ ನಿಂತಳು. ಐದು ಸಿನಿಮಾಗಳಿಗೂ 'ನಿಮಗೆ ಸ್ಫೂರ್ತಿ ಏನು?' ಎಂದು ಒಂದೇ ಪ್ರಶ್ನೆ ಕೇಳಿದ್ದ ಗಡ್ಡದವರೂ ಈ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಯಾರದೂ ಕೈ ಏಳಲಿಲ್ಲ. ಕಟ್ಟಕಡೆಯ ಸಾಲಿನಲ್ಲಿ, ಸೊಟ್ಟ ಹೆಬ್ಬೆರಳಿನ ಒಂದು ಕೈ ಮೆಲ್ಲಗೆ ಮೇಲೆದ್ದಿತು.

ವಾಕಿಟಾಕಿಯವರು ಓಡಿಹೋಗಿ ಮೈಕು ಕೊಟ್ಟರು. ಅಭ್ಯಾಸಬಲದಿಂದ ತಮ್ಮನ ತಲೆ ಗೋಡೆಯ ಕಡೆ ತಿರುಗಿ ಗಡಿಯಾರ ಹುಡುಕಿತು. ನಮ್ಮ ಚಿತ್ರಮಂದಿರದಲ್ಲಿ ಗಡಿಯಾರವಿಲ್ಲ, ಹೊತ್ತು ಗೊತ್ತಾದರೆ ಜನ ಏಳುತ್ತಾರೆಂದು ಮಾಲೀಕರು ಹಾಕಿಸಿರಲಿಲ್ಲ. ಕನ್ನಡಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಅವನು ನೇರ ಮರಿಯ ಮುಖ ನೋಡಿದ.

'ತುದಿ ಸೀಳಿದೆ' ಅಂದ.

'ಅಪ್ಪಾ?'

'ಕೂದಲು. ತುದಿಯೆಲ್ಲ ಸೀಳಿದೆ. ಇಲ್ಲಿಂದಾನೇ ಕಾಣತ್ತೆ. ಹಾಗೇ ಬಿಟ್ರೆ ಬೆಳೆಯಲ್ಲ ಅದು.' ಮೈಕನ್ನು ಬಾಚಣಿಗೆಯ ಹಾಗೆ ಬೆರಳ ಸಂದಿಯಲ್ಲಿ ಒಮ್ಮೆ ತಿರುಗಿಸಿದ. 'ನನ್ನ ಪ್ರಶ್ನೆ ಏನಪ್ಪಾ ಅಂದ್ರೆ, ಸೋಮವಾರ ಬರ್ತೀಯಾ?'

ಮರಿ ಜಡೆಯನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡೇ ಚೌಕಾಸಿಗೆ ಇಳಿದಳು.

'ಅರ್ಧ ಇಂಚು ಮಾತ್ರ.'

'ಕಾಲು ಇಂಚು ಸಾಕು' ಅಂದ ನನ್ನ ತಮ್ಮ. 'ನಾನಿರೋದು ಯಾಕೆ?'

'ಮುಂದಿನ ಸಿನಿಮಾ ಹಾಕಿ, ಹದಿನೈದು ನಿಮಿಷ ಲೇಟಾಗಿದೆ, ಓವರ್' ಎಂದು ವಾಕಿಟಾಕಿ ಮೂಗೆಳೆಯುತ್ತ ಹೇಳಿತು. ಕೆಳಗೆ ಅವನು ಇನ್ನೂ ಅವಳನ್ನು ನೋಡುತ್ತಲೇ ಇದ್ದ. ನಾನು ಹಿಡಿಯ ಮೇಲಿದ್ದ ಕೈ ತೆಗೆದೆ.

'ತಾಳಿ' ಅಂದೆ. 'ಸ್ವಲ್ಪ ಹೊತ್ತು ದೀಪ ಇರಲಿ. ಓವರ್.'